ಬಲಭುಜ

ಬಲೆ ಎಳೆದೆಳೆದು ಬೋಳಾದ ಕಡಲತಳಕ್ಕೆ ಶಿಲ್ಪ ಇಳಿಸಿದರೆ ಮೀನುಗಳು ಮತ್ತೆ ಬಂದು ಸೇರುತ್ತವಂತೆ. ಅದಕ್ಕೆಂದೇ ನನ್ನ ಗಂಡ ದೋರನಹಳ್ಳಿಯ ನಮ್ಮ ಅಂಗಳದಲ್ಲಿ ಕಲ್ಲಿನ ಹೆಣ್ಣೊಂದನ್ನು ಕೆತ್ತಿದರು. ಕೆಲಸಕ್ಕೆ ಕೂತರೆ ನನ್ನ ಕಡೆ ಹೊರಳಿಯೂ ನೋಡದ ಮನುಷ್ಯ ಅವಳ ಕೆನ್ನೆಯನ್ನು ಅಂಗೈಯಿಂದ ಸವರುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಕಣ್ಣು ಕೆತ್ತುವ ದಿನ ಬಂತು. ಮೂರ್ತಿಯ ಮೊದಲ ನೋಟ ಕೆತ್ತಿದವನ ಮೇಲೆ ಬೀಳಬಾರದೆಂದು ಅದರ ಮುಂದೆ ಕನ್ನಡಿ ಹಿಡಿಯುವುದು ಅವರ ಮನೆತನದ ರೂಢಿ.

“ಕನ್ನಡಿ ತಂದೇನ್ರಿ,” ಎಂದೆ.

“ಯಾಕ ಪರಿಮಳಾ? ಇದೇನ್ ಗುಡ್ಯಾಗಿಡೋ ದೇವರೇನ? ಮೀನಿನ ಮನಿ ಐತಿ,” ಎಂದು ನಕ್ಕು, ಎದುರಿಗೇ ನಿಂತು ಉಳಿ ಇಟ್ಟರು.

ಅವಳು ಕಡಲಿಗೆ ಹೋದಳು. ಮದುವೆಯಾದಾಗಿನಿಂದ ನಾನು ತಲೆಯಿಟ್ಟು ಮಲಗುತ್ತಿದ್ದ ಅವರ ಬಲಭುಜ ಅಂದಿನಿಂದ ಉರಿಬಿಸಿಲಲ್ಲೂ ತಣ್ಣಗಿರುತ್ತದೆ. ಅಂಗಿ ಅಲ್ಲಷ್ಟೇ ಒದ್ದೆಯಾಗಿ, ಒಣಗಿದರೆ ಉಪ್ಪಿನ ಗೆರೆ ಉಳಿಯುತ್ತದೆ. “ಬೆವರು ಬಿಡ,” ಅನ್ನುತ್ತಾರೆ. ಬೆವರಿಗೆ ಪಾಚಿಯ ವಾಸನೆ ಇರುತ್ತದೆಯೇ?

ಮೊನ್ನೆ ಕಡಲಲ್ಲಿ ಮುಳುಗಿ ನೋಡಿ ಬಂದವರು ಅವಳ ಫೋಟೊ ಕಳಿಸಿದರು. ಸುತ್ತ ಮೀನಿನ ಹಿಂಡು. ಇವರು ನೆಟ್ಟಗೆ ಕೆತ್ತಿದ್ದ ಕತ್ತು ಎಡಕ್ಕೆ ವಾಲಿತ್ತು. ತೆರೆದಿದ್ದ ಕಣ್ಣುಗಳು ಮುಚ್ಚಿದ್ದವು, ಸುಖವಾಗಿ ನಿದ್ದೆ ಹೋದವಳ ಹಾಗೆ.

ನಾನೀಗ ಅವರ ಎಡಗಡೆ ಮಲಗುತ್ತೇನೆ.