ಸುಮ್ಮನಿದ್ದ ಗೋಪುರ

ಬೆಳಿಗ್ಗೆ ಎಂಟೂವರೆಗೆ ಕಾಡಂಚಿನ ಗೊರುಕಲ್ಲು ಹಾಡಿಯ ಶಾಲೆಯಲ್ಲಿ ಪರದೆಯ ಮೇಲಿನ ಪಾಠ ಗಕ್ಕನೆ ನಿಂತಿತು. ಮಕ್ಕಳು ಪೆನ್ಸಿಲ್ ಕೆಳಗಿಟ್ಟು ಕಾದರು. ಬೆಟ್ಟದ ಮೇಲಿನ ಕಾವಲು ಗೋಪುರದಿಂದ ವಾಚರ್ ಕೇತಮ್ಮ ವೈರ್‌ಲೆಸ್ಸಿನಲ್ಲಿ ಮಾತಾಡುತ್ತಿದ್ದಾಳೆಂದು ಅವರಿಗೆ ಗೊತ್ತು. ಅರ್ಧ ನಿಮಿಷಕ್ಕೆ ಅವಳ ಮಾತು ಮುಗಿಯಿತು, ಪಾಠ ಮುಂದುವರಿಯಿತು.

ಇದು ಡಾಕ್ಟರ್ ವಾರಿಜಾ ಕಂಡುಹಿಡಿದ ‘ಹಂಚುಗ’ವೆಂಬ ಯಂತ್ರದ ಕೆಲಸ. ರೇಡಿಯೊ ಅಲೆಗಳ ಒಂದೊಂದು ಪಟ್ಟಿಯನ್ನೂ, ಎಂದರೆ ಬ್ಯಾಂಡನ್ನೂ, ಹಿಂದೆ ಯಾರ್ಯಾರಿಗೋ ಬರೆದುಕೊಟ್ಟಿದ್ದರು; ಕಾಡು ಕಾಯುವವರಿಗೊಂದು, ರೈಲಿಗೊಂದು. ದಿನವಿಡೀ ಅವು ಹೆಚ್ಚುಕಡಿಮೆ ಖಾಲಿ ಬಿದ್ದಿರುತ್ತಿದ್ದವು. ಹಂಚುಗ ಸದಾ ಕಿವಿಗೊಟ್ಟಿದ್ದು, ಒಡೆಯ ಸುಮ್ಮನಿದ್ದಾಗ ಪಟ್ಟಿಯನ್ನು ಊರಿನ ಇಂಟರ್ನೆಟ್ಟಿಗೆ ಕೊಡುತ್ತಿತ್ತು, ಒಡೆಯ ಬಾಯಿ ಬಿಟ್ಟೊಡನೆ ಅವನಿಗೆ ಒಪ್ಪಿಸುತ್ತಿತ್ತು. ೨೦೫೮ರ ಹೊತ್ತಿಗೆ ಅದಿಲ್ಲದ ಊರಿರಲಿಲ್ಲ. ವಾರಿಜಾಳಿಗೆ ಪ್ರಶಸ್ತಿಗಳು ಬಂದವು, ಮಂಡಿನೋವೂ ಬಂತು.

ಆಮೇಲಾಮೇಲೆ ಪಾಠ ನಿಲ್ಲುವುದು ತಪ್ಪಿತು. ಏಕೆಂದು ಯಾರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು. ಕೇತಮ್ಮನ ಕೂಗು ಅರಣ್ಯ ಇಲಾಖೆಯ ಕಂಟ್ರೋಲ್ ರೂಮಿಗೆ ಮುಟ್ಟಿದ್ದು ಹನ್ನೆರಡು ನಿಮಿಷ ತಡವಾಗಿ. ಜೇನು ಕೀಳಲು ಹೋಗಿದ್ದ ಅವಳ ತಮ್ಮ ರಂಗಯ್ಯನ ಎರಡೂ ಪಾದ ಸುಟ್ಟವು. ತಪ್ಪು ಯಾರದೆಂದು ನೋಡಲು ಅಲೆ ಹಂಚಿಕೆಯ ಸರ್ಕಾರಿ ಸಮಿತಿ ವಾರಿಜಾಳನ್ನೇ ಕಳಿಸಿತು. ಅರವತ್ತೊಂದರ ಹೆಂಗಸು, ಉಸ್ಸಪ್ಪಾ ಎಂದು ಗೋಪುರ ಹತ್ತಿ ಕುಸಿದು ಕೂತಳು.

ಯಂತ್ರದ ದಾಖಲೆ ಪ್ರಕಾರ ತೊಂಬತ್ತು ದಿನಗಳಿಂದ ಗೋಪುರದಲ್ಲಿ ಮಾತೇ ಇಲ್ಲ. ಒಡೆಯರಿಲ್ಲವೆಂದು ಹಂಚುಗ ಪಟ್ಟಿಯನ್ನು ಊರಿಗೇ ಬಿಟ್ಟುಕೊಟ್ಟು, ಬೆಂಕಿಯ ದಿನ ಕೇತಮ್ಮನನ್ನು ಹೊಸಬಳಂತೆ ಸರದಿಯಲ್ಲಿ ನಿಲ್ಲಿಸಿತ್ತು.

“ನಾ ಬಾಯ್ ಬುಟ್ರ ಕೆಳಗ ಮಕ್ಕಳ ಪಾಠ ನಿಂತೋಯ್ತದ ಕಣವ್ವ,” ಎಂದಳು ಕೇತಮ್ಮ. “ಅದ್ಕೇ ಸೆಟ್ಟಿನ ಗುಂಡಿ ಎರಡು ಸಲ ಒತ್ತಿ ಬುಡ್ತಿದ್ದೆ. ಟಕ್ ಟಕ್ ಅಂದ್ರ ಎಲ್ಲಾ ಸರಿ ಅದ ಅಂತ ಆ ಕಡೆಯೋರ್ಗೂ ಗೊತ್ತಿತ್ತು.”

ಅಯ್ಯೋ, ಐದು ಸೆಕೆಂಡಿಗಿಂತ ಚಿಕ್ಕ ಸದ್ದನ್ನು ಗದ್ದಲವೆಂದು ತಳ್ಳಿಹಾಕಲು ಯಂತ್ರಕ್ಕೆ ಕಲಿಸಿದವಳು ವಾರಿಜಾಳೇ. ಅವಳಿಗೆ ನಾಚಿಕೆಯಾಯಿತು.

“ನಮ್ಮ ಜಾಗ ಹೋಗ್ದಂಗ ಇರ್ಬೇಕು ಅಂದ್ರ ದಿನಾ ಎಷ್ಟೊತ್ತು ಮಾತಾಡ್ಬೇಕವ್ವ?”

ವಾರಿಜಾ ನೀರು ಕೇಳಿ ಕುಡಿದಳು.

ತಪ್ಪು ತನ್ನದೆಂದೇ ವರದಿ ಬರೆದಳು; ಮಾತಿರಲಿ ಬಿಡಲಿ, ಗೋಪುರದ ಪಟ್ಟಿ ಗೋಪುರಕ್ಕೇ ಇರಲಿ ಎಂದು ಬೇಡಿಕೊಂಡಳು. ಸಮಿತಿಗೆ ಅದು ಪೋಲೆನಿಸಿತು. ಪಟ್ಟಿ ಬೇಕಾದವರು ದಿನಕ್ಕೆ ಹತ್ತು ನಿಮಿಷ ಮಾತಾಡಲೇಬೇಕೆಂದು ಹೊಸ ನಿಯಮ ಬಂತು. ವಾರಿಜಾ ಜಗಳವಾಡಲಿಲ್ಲ. ಅವಳಿಗೆ ಸಾಕಾಗಿಹೋಗಿತ್ತು.

ಈಗ ಆ ಕಾಡಿನ ಎಪ್ಪತ್ತು ಗೋಪುರಗಳೂ ಸರದಿಯಂತೆ ಮಾತಾಡುತ್ತವೆ. ಕೇತಮ್ಮ ಕಂಡ ಆನೆ, ಬೇಯಿಸಿದ ಸೊಪ್ಪು, ತಮ್ಮನ ಗಾಯ, ಎಲ್ಲ ಹೇಳಿದರೂ ನಾಲ್ಕು ನಿಮಿಷ ಉಳಿಯುತ್ತದೆ. ಮತ್ತೆ ಆನೆಯಿಂದ ಶುರುಮಾಡುತ್ತಾಳೆ.

ಒಂದು ಮಧ್ಯಾಹ್ನ ವಾರಿಜಾ ಕಂಟ್ರೋಲ್ ರೂಮಿಗೆ ಹೋದಾಗ ಸೆಟ್ಟಿನ ದನಿಯನ್ನು ಪೂರ್ತಿ ಇಳಿಸಿದ್ದರು. ದಿನವಿಡೀ ಇದನ್ನೇ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ ಎಂದ ಅಲ್ಲಿನವನು. ಅವಳಿಗೆ ಬೈಯಲಾಗಲಿಲ್ಲ. ೨೦೨೦ರ ದಶಕದಲ್ಲಿ ಅವಳೂ ಮನೆಯವರ ವಾಟ್ಸಾಪ್ ಗುಂಪಿನ ಶುಭೋದಯಗಳು ಸಾಕಾಗಿ ಸದ್ದಡಗಿಸಿದ್ದಳು. ಅಮ್ಮನಿಗೆ ಎದೆನೋವೆಂಬ ಸುದ್ದಿ ಅದರಲ್ಲೇ ಬಂದಿತ್ತು. ಅವಳು ನೋಡಿದ್ದು ಮೂರು ದಿನದ ಮೇಲೆ.

ದನಿ ಏರಿಸಿ, ಹೀಗೇ ಇರಲಿ ಎಂದು ಹೇಳಿ ಹೊರಟಳು. ಅವನು ತಲೆಯಾಡಿಸಿದ. ಅವಳು ಬಾಗಿಲು ದಾಟುವಷ್ಟರಲ್ಲಿ ಹಿಂದೆ ಕೇತಮ್ಮನ ದನಿ ಸಣ್ಣಗಾಯಿತು.