ಬೀಟ್, ರೋ

"ಇನ್ನೊಂದು ನಾಕ ಹೆಜ್ಜಿ ಮುಂದ ಕರಕೊಂಡು ಹೋಗವಾ," ಎಂದರು ರೋಲಂಡ್ ಅಜ್ಜ, ಕುಳಿತ ಕುರ್ಚಿಯಿಂದ ಅಲುಗದೆ.

ಶಾಲ್ಮಲಾ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ತುಸು ತಿರುಗಿಸಿದಳು. ಕೋಣೆಯ ಗೋಡೆಯಲ್ಲಿ, ಸೂರಿನಲ್ಲಿ, ನೆಲದಲ್ಲಿ ಹುದುಗಿಸಿದ್ದ ನೂರಾರು ಪುಟ್ಟ ಸ್ಪೀಕರುಗಳು ಒಟ್ಟಿಗೆ ದನಿ ಬದಲಿಸಿದವು. ಬೆನ್ನ ಹಿಂದಿದ್ದ ಕೆಮ್ಮು ಇನ್ನಷ್ಟು ಹಿಂದೆ ಸರಿಯಿತು. ಬಲಕ್ಕೆ ಯಾರೋ ಶೇಂಗಾ ಸುಲಿಯುತ್ತಿದ್ದರು. ತಲೆಯ ಮೇಲೆ ತಗಡಿನ ಚಾವಣಿ, ಅದರಡಿ ಕಿರುಗುಡುವ ಎರಡು ಫ್ಯಾನು, ಎದುರಿಗೆ ವೇದಿಕೆ. ಕಣ್ಣು ಮುಚ್ಚಿದರೆ ಅದು 2049 ಅಲ್ಲ, 1989ರ ಡಿಸೆಂಬರಿನ ಒಂದು ಸಂಜೆ. ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಸಭಾಂಗಣದಲ್ಲಿ 'ಔಟರ್ ಸಿಗ್ನಲ್' ಎಂಬ ರಾಕ್ ತಂಡ ಹಾಡುತ್ತಿದೆ.

"ಬೇಸ್ ಗಿಟಾರ್ ಕೇಳ. ತಪ್ಪಿದ ನೋಡ ಡೆನ್ಜಿಲ್. ಸಾಯೂತನಕ ಒಪ್ಪಲಿಲ್ಲ ಮಗಾ," ಎಂದು ಅಜ್ಜ ನಕ್ಕರು. ಎಂಬತ್ತಮೂರರ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಎಂಜಿನ್ ರಿಪೇರಿ ಶೆಡ್ಡಿನ ನಾಲ್ವರು ಹುಡುಗರು ಕಟ್ಟಿದ ಆ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವರು ಇವರು. ಈಗ ಉಳಿದಿರುವುದೂ ಇವರೊಬ್ಬರೇ.

ಈ ಯಂತ್ರ ಶಾಲ್ಮಲಾಳದು. ಹಿಟ್ಟು ಜರಡಿ ಹಿಡಿಯುವ ಸಾಣಿಗೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಳು. ಹಳೆಯ ಟೇಪಿನಲ್ಲಿ ಎಲ್ಲ ದನಿಗಳೂ ಗೋದಿ, ಜೋಳ, ಕಡಲೆ ಬೆರೆತ ಹಿಟ್ಟಿನ ಹಾಗೆ ಒಂದಾಗಿರುತ್ತವೆ. ಆದರೆ ಪ್ರತಿ ದನಿಯೂ ಮೈಕನ್ನು ಒಮ್ಮೆ ನೇರವಾಗಿ ಮುಟ್ಟಿ, ಆಮೇಲೆ ಗೋಡೆಗೆ, ಕಂಬಕ್ಕೆ, ತಗಡಿಗೆ ಬಡಿದು ಕಣ್ಣು ಮಿಟುಕಿಸುವುದರೊಳಗೆ ಇನ್ನೂ ಹಲವು ಸಲ ಬಂದು ಮುಟ್ಟುತ್ತದೆ. ಯಾವ ಮರುದನಿ ಎಷ್ಟು ತಡವಾಗಿ ಬಂತೆಂದು ಅಳೆದರೆ ದನಿ ಹುಟ್ಟಿದ ಜಾಗ ಸಿಗುತ್ತದೆ. ಜಾಗ ಸಿಕ್ಕಿತೆಂದರೆ ಆ ಒಂದು ದನಿಯನ್ನು ಮಿಕ್ಕವುಗಳಿಂದ ಬೇರ್ಪಡಿಸಬಹುದು. ಕಟ್ಟಡದ ಅಳತೆಯೊಂದು ಬೇಕು, ಅಷ್ಟೇ. ಹಳೆಯ ರಾಕ್ ತಂಡಗಳ ಕಾರ್ಯಕ್ರಮದೊಳಗೆ ಜನರನ್ನು ಕೂರಿಸಿ ಕೇಳಿಸುವ 'ಮರುಮೇಳ' ಎಂಬ ಕಂಪನಿ ಅವಳನ್ನು ಕರೆದು ಪ್ರಯೋಗಶಾಲೆ ಹಾಕಿಕೊಟ್ಟಿತ್ತು. ಜನ ಮುಗಿಬಿದ್ದು ಬರುತ್ತಿದ್ದರು. ಹುಟ್ಟುವ ಮುಂಚಿನ ಸಂಜೆಗಳಲ್ಲಿ ಕುಳಿತು, ಸತ್ತವರ ಚಪ್ಪಾಳೆಯ ನಡುವೆ ತಾವೂ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು.

ಯಂತ್ರದ ಮೂಲ ಹುಡುಕುತ್ತ ಹೋದರೆ ಅಜ್ಜಿಯ ಮಂಚ ಸಿಗುತ್ತದೆ. ಶಾಲ್ಮಲಾಳ ಅಜ್ಜಿ ಕತೆ ಹೇಳುವಾಗ ಕೇಳುವವರು ಸಾಲುಸಾಲಿಗೆ ಹೂಂಗುಟ್ಟಬೇಕಿತ್ತು. ಒಂದು ಸಲ ತಪ್ಪಿದರೂ ರಾಜಕುಮಾರಿ ಬಾವಿಯ ಕಟ್ಟೆಯ ಮೇಲೆ ನಿಂತಲ್ಲೇ ನಿಲ್ಲುತ್ತಿದ್ದಳು. "ಹೂಂ ಅನ್ನಾವ್ರು ಇಲ್ಲಂದ್ರ ಕತಿ ಬಾಯಾಗ ಕೊಳೀತೈತಿ," ಎನ್ನುತ್ತಿದ್ದಳು. ಕೊಳೆತ ಕತೆಗೆ ಎಂಥ ವಾಸನೆ ಇರಬಹುದೆಂದು ಸಣ್ಣ ಶಾಲ್ಮಲಾ ಗಂಟೆಗಟ್ಟಲೆ ಯೋಚಿಸುತ್ತಿದ್ದಳು. ಯಾರೂ ಕೇಳಿಸಿಕೊಳ್ಳದ ದನಿಗಳನ್ನು ಹುಡುಕುವ ಹುಚ್ಚು ಹತ್ತಿದ್ದು ಆಗಲೇ.

"ಈಗ ಬರ್ತದ," ಎಂದು ಅಜ್ಜ ಬೆರಳೆತ್ತಿದರು.

ಅದಕ್ಕೆಂದೇ ಈ ಟೇಪು ಪ್ರಸಿದ್ಧ. ಕೊನೆಯ ಹಾಡಿನ ನಡುವೆ, ಗದ್ದಲ ಸೀಳಿಕೊಂಡು ಒಬ್ಬ ಹುಡುಗಿಯ ಕೂಗು ಬರುತ್ತದೆ: ಬೀಟ್, ರೋ! ಬೀಟ್, ರೋ! ತಂಡದಲ್ಲಿ ರೋಲಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು 'ರೋ' ಎಂದೇ. ಆ ಕೂಗು ಕೇಳಿ ಇಪ್ಪತ್ತಮೂರರ ರೋಲಂಡ್ ಹುಚ್ಚೆದ್ದು ಬಾರಿಸಿದ. ಅವಳು ಕೂಗಿದಷ್ಟೂ ಇವನ ಕೈ ಏರಿತು. ಕಡೆಗೆ ಇಡೀ ಸಭೆ ಅವಳೊಂದಿಗೆ ಕೂಗತೊಡಗಿತು. ಅರವತ್ತು ವರ್ಷದಿಂದ ಊರೂರಿನ ರಾಕ್ ಕಾರ್ಯಕ್ರಮಗಳಲ್ಲಿ ಡ್ರಮ್ಮಿನವನಿಗೆ ಹುರುಪು ತುಂಬುವ ಕೂಗು ಅದೇ. ಟೀ ಶರ್ಟುಗಳ ಮೇಲೆ, ಚಹಾ ಕಪ್ಪುಗಳ ಮೇಲೆ, ಒಬ್ಬ ಶಾಸಕರ ಮೆರವಣಿಗೆಯಲ್ಲಿ ಕೂಡ ಅದು ಬಂದುಹೋಗಿತ್ತು.

"ಆಕಿ ಯಾರಂತ ನೋಡಬೇಕಂತ ಭಾಳ ಆಸೆ ಐತಿ, ಶಾಲೂ. ಮದುವಿ ಆದೆ, ಮಕ್ಕಳಾದ್ವು, ಆದ್ರೂ ಹೆಂಡತಿಗೆ ಹೇಳತಿದ್ದೆ, ನನ್ನ ಕೈಯಾಗ ಜೀವಾ ತುಂಬಿದಾಕಿ ಒಬ್ಬಾಕಿ ಅದಾಳ ಅಂತ. ಆಕಿನೂ ನಗತಿದ್ಲು. ನಿನ್ನ ಸಾಣಿಗ್ಯಾಗ ಹುಡುಕಿ ಕೊಡ. ಸಮಾರಂಭಕ್ಕ ಕರಸೂಣು."

"ಹುಡಕ್ತೀನ್ರಿ ಅಜ್ಜಾರ," ಎಂದು ಅವಳು ಮಾತು ಕೊಟ್ಟಳು.

ಆ ಸಂಜೆಯ ಅರವತ್ತನೆಯ ವರ್ಷಕ್ಕೆಂದು ಮರುಮೇಳ ಏರ್ಪಡಿಸಿದ್ದ ಸಮಾರಂಭಕ್ಕೆ ಹನ್ನೊಂದು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಕುಳಿತಳು. ಮೊದಲು ಡ್ರಮ್ಮನ್ನು ಜರಡಿ ಹಿಡಿದು ತೆಗೆದಳು, ಆಮೇಲೆ ಗಿಟಾರುಗಳನ್ನು. ಆಮೇಲೆ ಆ ಹುಡುಗಿಯೊಂದಿಗೆ ಕೂಗುತ್ತಿದ್ದ ಇನ್ನೂರು ಮುನ್ನೂರು ಗಂಟಲುಗಳನ್ನು ಒಂದೊಂದಾಗಿ. ಕೂಗು ಹುಟ್ಟುತ್ತಿದ್ದದ್ದು ವೇದಿಕೆಯ ಮುಂದೆ ಅಲ್ಲ, ಎಡಗಡೆಯ ಬಾಗಿಲಿನ ಪಕ್ಕ, ಕಂಬದ ಹಿಂದೆ. ವೇದಿಕೆ ಕಾಣದ ಜಾಗ. ಡ್ರಮ್ಮಿನವನನ್ನು ಹುರಿದುಂಬಿಸುವವಳು ಅಲ್ಲೇಕೆ ನಿಂತಾಳು?

ಶಾಲ್ಮಲಾ ಹತ್ತಿರ ಹೋದಳು, ಅಂದರೆ ಗುಂಡಿ ತಿರುಗಿಸಿದಳು.

ಬೀಟ್ ಅಲ್ಲ. ಟಕಾರ ಅಲ್ಲಿ ಇರಲೇ ಇಲ್ಲ. "ಬಿಡ್ರೋ," ಎನ್ನುತ್ತಿದ್ದಳು ಹುಡುಗಿ. "ಬಿಡ್ರೋ. ಬಿಡ್ರೋ."

ಅವಳ ಸುತ್ತ ಬೇರೆ ಸದ್ದುಗಳಿದ್ದವು. ಯಾರದೋ ಬಾಯಲ್ಲಿ ಎಲೆ ಅಡಿಕೆ ಜಗಿಯುವ ಪಚಪಚ, ಹಲ್ಲಿನ ಸಂದಿಯಿಂದ ಎಳೆದುಕೊಂಡ ಉಸಿರು, ಕಿಸಕ್ಕನೆ ಒಂದು ನಗೆ. ಬಳೆ ಒಡೆದ ಸದ್ದು. ಮೂರು ಗಂಡು ಗಂಟಲು, ಒಂದಕ್ಕೊಂದು ಗೇಣಿನ ಅಂತರದಲ್ಲಿ. ಅವುಗಳ ಆಚೆಗೆ, ಎರಡು ಕುರ್ಚಿ ದಾಟಿ, ತುಂಬ ಸಭ್ಯವಾದ ಇನ್ನೊಂದು ದನಿ: "ಸುಮ್ನಿರವಾ, ಹಾಡ ಕೇಳಸವಲ್ದು."

ಶಾಲ್ಮಲಾ ಗುಂಡಿಯಿಂದ ಕೈ ತೆಗೆದು ಲಂಗಕ್ಕೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಅಂಗೈ ಅಂಟಂಟಾಗಿದೆ ಎನಿಸಿತು. ಅವಳ ಯಂತ್ರಕ್ಕೆ ವಾಸನೆ ಗೊತ್ತಿಲ್ಲ, ಆದರೂ ಕೋಣೆಯಲ್ಲಿ ತಂಬಾಕಿನ ಎಂಜಲು ನಾರುತ್ತಿತ್ತು. ಅವಳಿಗೆ ಹೇಸಿಗೆ ತರಿಸಿದ್ದು ಆ ಮೂವರು ಮಾತ್ರವಲ್ಲ. ಆ ಸಭ್ಯ ದನಿ, ಆ ಚಪ್ಪಾಳೆ, ಕಾಲೇಜಿನ ದಿನಗಳಲ್ಲಿ ಗೆಳತಿಯರೊಂದಿಗೆ ಗಂಟಲು ಹರಿಯುವಂತೆ ಇದೇ ಕೂಗು ಕೂಗಿದ್ದ ಅವಳದೇ ಬಾಯಿ. ಅವಳು ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ನೀರು ಸಿಹಿಯಾಗಿಯೇ ಇತ್ತು, ಅದೂ ಅಸಹ್ಯವೆನಿಸಿತು.

ಸಮಾರಂಭದ ಹೊಣೆ ಹೊತ್ತ ಮರುಮೇಳದ ಶ್ರೇಯಾಂಕ ಬೆಂಗಳೂರಿನಿಂದ ಬಂದಿದ್ದ. ಆತ ಮಿರ್ಚಿ ಭಜಿಯ ಎಣ್ಣೆಯನ್ನು ಕಾಗದಕ್ಕೆ ಒತ್ತುತ್ತ ಪೂರ್ತಿ ಕೇಳಿದ. ಒಂದು ನಿಮಿಷ ಅವನ ದವಡೆ ನಿಂತಿತು. ಆಮೇಲೆ ಮತ್ತೆ ಆಡಿತು.

"ಮೇಡಂ, ಒಂದಕ್ಷರದ ಕೆಲಸ. ಡ ತೆಗೆದು ಟ ಹಾಕಿ."

"ಏನು?"

"ಜನ ಅರವತ್ತು ವರ್ಷದಿಂದ ಅದನ್ನೇ ತಾನೆ ಕೇಳ್ತಿರೋದು? ಇಲ್ಲದ್ದೇನೂ ನಾವು ಸೇರಿಸ್ತಿಲ್ಲ. ಪಕ್ಕದ ದನಿಗಳನ್ನ ತೆಗೆದುಬಿಡಿ, ಅದು ಗಲಾಟೆ. ಗಲಾಟೆ ತೆಗೆಯೋಕೇ ಅಲ್ವಾ ನಿಮ್ಮ ಮಷೀನು?"

"ಆ ಹುಡುಗಿ?"

"ಪಾಪ, ಯಾರೋ ಏನೋ. ಈಗ ಹೇಳಿ ಯಾರಿಗೆ ಏನಾಗ್ಬೇಕು ಹೇಳಿ. ಆ ತಾತನ ಮುಖ ನೋಡಿ ಸುಮ್ಮನಿರಿ. ಇರೋದು ಅದೊಂದೇ ಅವರಿಗೆ."

ಕಡೆಯ ಮಾತು ಸುಳ್ಳಲ್ಲ. ಅದಕ್ಕೇ ಅದು ಎಲ್ಲಕ್ಕಿಂತ ಹೆಚ್ಚು ನಾರಿತು. ಎರಡು ದಿನ ಶಾಲ್ಮಲಾ ಒದ್ದಾಡಿದಳು. ಹೇಳದಿದ್ದರೆ ಮುದುಕನ ಒಂದು ಸುಖ ಉಳಿಯುತ್ತದೆ. ಆದರೆ ಅದು ಉಳಿಯುವುದು ಆ ಹುಡುಗಿಯ ಬಾಯಿಯನ್ನು ಇನ್ನೊಮ್ಮೆ ಮುಚ್ಚಿ. ಮೂರನೆಯ ದಿನ ಅವಳು ಚರ್ಚಿನ ಹಿಂದಿದ್ದ ರೋಲಂಡ್ ಅಜ್ಜನ ಮನೆಗೆ ಹೋದಳು. ಅಜ್ಜ ಜಗಲಿಯಲ್ಲಿ ಕುಳಿತು ಹೊಸ ನೀಲಿ ಅಂಗಿಯ ಗುಂಡಿ ಬಿಗಿ ಮಾಡುತ್ತಿದ್ದರು.

"ಸಿಕ್ಕಳೇನವಾ? ನನಗಿಂತ ಸಣ್ಣಾಕಿ ಇದ್ದಾಳು. ಈ ಅಂಗಿ ನಡೀತೈತಿಲ್ಲೋ?"

ಅವಳು ಹೆಡ್‌ಫೋನು ಕೊಟ್ಟಳು.

ಒಂದೂವರೆ ನಿಮಿಷ. ತೊಡೆಯ ಮೇಲೆ ಎಂದಿನಂತೆ ತಾಳ ಹಿಡಿದಿದ್ದ ಬೆರಳುಗಳು ನಡುವೆ ಎಲ್ಲೋ ನಿಂತವು. ಅಜ್ಜ ಹೆಡ್‌ಫೋನು ತೆಗೆದು, ಆ ಪದವನ್ನು ತಾನೇ ಬಾಯಲ್ಲಿಟ್ಟು ನೋಡಿದರು.

"ಬಿಡೋ ಅಲ್ಲ. ಬಿಡ್ರೋ."

"ಹೌದ್ರಿ."

"ಅಂದ್ರ ಒಬ್ಬಾಂವ ಅಲ್ಲ."

"ಮೂರು ದನಿ ಸಿಕ್ಕಾವ್ರಿ."

ಅಜ್ಜ ಅಂಗಳದ ನಳದ ಹತ್ತಿರ ಹೋಗಿ ಕೈ ತೊಳೆಯತೊಡಗಿದರು. ಸೋಪು ಹಚ್ಚಿ ತೊಳೆದರು, ಮತ್ತೆ ಹಚ್ಚಿದರು. "ಆಕಿ ಒದರಿದಂಗ ನಾ ಕೈ ಜೋರ ಮಾಡೀನಿ," ಎಂದರು, ಬೆನ್ನು ತಿರುಗಿಸಿಕೊಂಡೇ. "ಬಾರಿಸೋದು ನಿಲ್ಲಿಸಿದ್ರ ಯಾರರ ಕೇಳತಿದ್ರು. ನಾಕ ಮಂದಿ ತಿರುಗಿ ನೋಡತಿದ್ರು. ಆಕಿ ಬಾಯಿ ಮುಚ್ಚಿದಾಂವ ನಾನ."

"ನಿಮಗ ಗೊತ್ತಿರಲಿಲ್ರಿ ಅಜ್ಜಾರ."

"ಗೊತ್ತಿಲ್ಲ ಅಂತ ಅರವತ್ತು ವರ್ಷ ಮೆರದೆನಲ್ಲ, ಅದಕ್ಕೇನ ಅಂತಿ?"

ನೀರು ಸುರಿಯುತ್ತಲೇ ಇತ್ತು.

ಸಮಾರಂಭ ಅದೇ ಸಭಾಂಗಣದಲ್ಲಿ, ಮಧ್ಯಾಹ್ನ ನಾಲ್ಕಕ್ಕೆ. ಕೂತವರಲ್ಲಿ ಅರ್ಧಕ್ಕರ್ಧ ಜನರ ಎದೆಯ ಮೇಲೆ 'ಬೀಟ್, ರೋ' ಎಂದು ಬರೆದಿತ್ತು. ವೇದಿಕೆಯ ಮೇಲೆ ಹಳೆಯ ಡ್ರಮ್ಮುಗಳು, ಹಿಂದೆ ರೋಲಂಡ್ ಅಜ್ಜ, ಮೈಮೇಲೆ ನೀಲಿಯದಲ್ಲ, ಕೆಲಸಕ್ಕೆ ಹೋಗುತ್ತಿದ್ದ ಕಾಲದ ಖಾಕಿ ಅಂಗಿ. ಶ್ರೇಯಾಂಕ ಅಕ್ಷರ ಬದಲಿಸಿದ ಪ್ರತಿಯನ್ನು ಬೇರೊಬ್ಬರಿಂದ ಮಾಡಿಸಿ ತಂದಿದ್ದ. ಆದರೆ ಸಾಣಿಗೆಯ ಮುಂದೆ ಕುಳಿತವಳು ಶಾಲ್ಮಲಾ. ಅವಳು ಹಚ್ಚಿದ್ದು ಮೂಲ ಟೇಪನ್ನು.

ಕೊನೆಯ ಹಾಡು ಬಂತು. 1989ರ ತಂಡ ಬಾರಿಸಿತು, 2049ರ ಜನ ಎದ್ದು ನಿಂತರು. ಕೂಗಿನ ಜಾಗ ಹತ್ತಿರವಾಗುತ್ತಿದ್ದಂತೆ ಎಲ್ಲರೂ ಎದೆ ತುಂಬ ಉಸಿರೆಳೆದುಕೊಂಡರು. ಆಗ ಅಜ್ಜ ಕೋಲುಗಳನ್ನು ಕೆಳಗಿಟ್ಟು ಮೈಕಿಗೆ ಬಾಗಿದರು.

"ಶಾಲೂ, ನನ್ನ ತಗದ ಹಾಕವಾ."

ಅವಳು ಡ್ರಮ್ಮನ್ನು ತೆಗೆದಳು. ಬಳಿಕ ಗಿಟಾರು, ಬಳಿಕ ಗದ್ದಲ. ಶ್ರೇಯಾಂಕ ಅವಳತ್ತ ಓಡಿಬಂದ. ಆದರೆ ಅಷ್ಟು ಜನ ನೋಡುತ್ತಿರುವಾಗ ಅವಳ ಕೈ ಹಿಡಿಯುವುದು ಹೇಗೆಂದು ತಿಳಿಯದೆ ನಿಂತ. ಜನರ ಬಾಯಿಂದ 'ಬೀಟ್, ರೋ' ಹೊರಟಿತ್ತು. ಅದರ ಮೇಲೆಯೇ ಬಂದು ಕೂತಿತು ಆ ಒಂಟಿ ದನಿ, ಡಕಾರದೊಂದಿಗೆ. ಅದರ ಸುತ್ತ ಆ ಪಚಪಚ, ಆ ನಗೆ. ಮುಂದಿನ ಸಾಲಿನ ಬಾಯಿಗಳು ಅರ್ಧಕ್ಕೆ ನಿಂತವು. ಒಬ್ಬ ಹಳಸಿದ್ದು ತಿಂದವನ ಹಾಗೆ ತುಟಿ ಒರೆಸಿಕೊಂಡ. ಒಬ್ಬಳು ತನ್ನ ಎದೆಯ ಮೇಲಿನ ಅಕ್ಷರಗಳಿಗೆ ಚೀಲ ಅಡ್ಡ ಹಿಡಿದಳು. ಹಿಂದಿನ ಸಾಲಿನವರು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಇನ್ನೂ ಎರಡು ಸಲ ಕೂಗಿ, ತಮ್ಮ ದನಿ ತಮಗೇ ಕೇಳಿಸಿ, ನಿಲ್ಲಿಸಿದರು. ಹುಡುಗಿ ಹನ್ನೊಂದು ಸಲ ಬಿಡ್ರೋ ಎಂದಳು. ಹನ್ನೆರಡನೆಯದು ಬರಲಿಲ್ಲ. "ಹಾಡ ಕೇಳಸವಲ್ದು," ಎಂದಿತು ಸಭ್ಯ ದನಿ, ಖಾಲಿ ಸಭಾಂಗಣದಲ್ಲಿ ಹೇಳಿದಷ್ಟು ಸ್ಪಷ್ಟವಾಗಿ.

ಇದರಿಂದ ಎಲ್ಲವೂ ಬದಲಾಯಿತು ಎಂದರೆ ಅಜ್ಜಿಯ ಕತೆಯಾದೀತು. ಮರುಮೇಳ ಟಕಾರದ ಪ್ರತಿಯನ್ನೇ ಬಿಡುಗಡೆ ಮಾಡಿತು. ಹೆಚ್ಚು ಜನ ಕೇಳಿದ್ದೂ ಅದನ್ನೇ. ಆ ಹುಡುಗಿ ಯಾರೆಂದು ಕೊನೆಗೂ ತಿಳಿಯಲಿಲ್ಲ. ರೋಲಂಡ್ ಅಜ್ಜ ಮತ್ತೆ ಕೋಲು ಮುಟ್ಟಲಿಲ್ಲ. ಊಟದ ತಟ್ಟೆಯ ಮುಂದೆ ಕುಳಿತರೂ ಎರಡೆರಡು ಸಲ ಕೈ ತೊಳೆಯುತ್ತಿದ್ದರು. ಶಾಲ್ಮಲಾ ಕೆಲಸ ಬಿಟ್ಟಳು. ಸಾಣಿಗೆಯ ವಿಧಾನವನ್ನು ಯಾರು ಬೇಕಾದರೂ ಬಳಸಲೆಂದು ಅವಳು ಮೊದಲೇ ಪ್ರಕಟಿಸಿದ್ದಳು. ಹಾಗಾಗಿ ಹುಬ್ಬಳ್ಳಿಯಲ್ಲೇ ಒಂದು ಕೋಣೆ ಹಿಡಿದು ಇನ್ನೊಂದು ಯಂತ್ರ ಕಟ್ಟಿದಳು.

ಆಮೇಲೆ ಕಳೆದುಹೋದ ದನಿ ಹುಡುಕಿಸಲು ಜನ ಬರತೊಡಗಿದರು. ಕ್ಯಾಸೆಟ್ಟಿನವರು ಕಡಿಮೆ, ಹೆಚ್ಚಿನವರು ತಂದದ್ದು ಹಳೆಯ ಮೊಬೈಲ್ ಫೋನು. ಒಂದು ಕಾಲದ ಜನ ಎಲ್ಲಿ ಗುಂಪು ಸೇರಿದರೂ ಕೈ ಮೇಲೆತ್ತಿ ವಿಡಿಯೊ ತೆಗೆಯುತ್ತಿದ್ದರಂತೆ. ಒಂದೊಂದು ಸಂಜೆಗೂ ಸಾವಿರ ಕಿವಿಗಳು. ಸಾಣಿಗೆಗೆ ಅದಕ್ಕಿಂತ ಒಳ್ಳೆಯ ಕಾಳು ಸಿಗದು.

ಒಂದು ಮುಂಜಾನೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬಂದು, ಕರವಸ್ತ್ರದಲ್ಲಿ ಸುತ್ತಿದ ಫೋನನ್ನು ಮೇಜಿನ ಮೇಲಿಟ್ಟಳು.

"ಎರಡು ಸಾವಿರದ ಇಪ್ಪತ್ತೈದರದು ಐತ್ರಿ. ಕಾಲೇಜಿನ್ಯಾಗ ಬ್ಯಾಂಡ್ ಕರಸಿದ್ರು. ಗೆಳತಿ ಫೋನಿನ್ಯಾಗ ವೇದಿಕೆ ಹಿಡದಾಳ. ನಾ ಆಕಿ ಹಿಂದ ಇದ್ದೆ, ಇದರಾಗ ಕಾಣೂದಿಲ್ಲ. ನಾ ಒದರಿದ್ದೆ. ಒದರಿಲ್ಲ ಅಂದ್ರು ಎಲ್ಲಾರೂ. ಒದರಿದ್ರ ನಮಗ ಕೇಳತಿರಲಿಲ್ಲೇನ ಅಂದ್ರು. ಬರಬರತ ನನಗೂ ಸಂಶಯ ಹತ್ತೈತಿ."

ಶಾಲ್ಮಲಾ ಫೋನನ್ನು ಯಂತ್ರಕ್ಕೆ ಜೋಡಿಸಿದಳು. ಗುಂಡಿಗೆ ಕೈ ಹಾಕಿದಳು.

"ತಡೀರಿ," ಎಂದಳು ಹೆಂಗಸು. "ಮೊದಲ ನಾ ಹೇಳಲೇನ್ರಿ?"

ಶಾಲ್ಮಲಾ ಗುಂಡಿಯಿಂದ ಕೈ ತೆಗೆದು ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡಳು.

"ಅವತ್ತ ನಾ ಹಳದಿ ಚೂಡಿದಾರ ಹಾಕೊಂಡಿದ್ದೆ," ಎಂದ ಹೆಂಗಸು ಅಲ್ಲಿಗೇ ಮಾತು ನಿಲ್ಲಿಸಿ, ಅವಳ ಮುಖ ನೋಡಿದಳು.

"ಹೂಂ," ಎಂದಳು ಶಾಲ್ಮಲಾ.