ಕಂಪನಿ ಆಯಿಲೋ, ಬಜಾರ್ ಆಯಿಲೋ?

ಕಲ್ಲು ಮೆಕ್ಯಾನಿಕ್ ಮುಕ್ತಾರನ ಎದೆಯಿಂದ ಮೂರಡಿ ಮೇಲೆ ತೂಗುತ್ತಿತ್ತು.

ಇಳಕಲ್ಲಿನ ಕೆಂಪು ಗ್ರಾನೈಟ್. ಎಂಟು ಟನ್. ಒಂದು ಕ್ರೇನ್, ಒಂದು ಸರಪಳಿ!

ಅವನನ್ನು ಹಗ್ಗದಿಂದ ಕಟ್ಟಿ ನೆಲಕ್ಕೆ ಮಲಗಿಸಿದ್ದರು. ಬಲಗೈಯ ಎರಡು ಬೆರಳು ಆಗಲೇ ಜಜ್ಜಿಹೋಗಿದ್ದವು. ಮೊದಲು ಸಣ್ಣ ಕಲ್ಲೊಂದನ್ನು ಅವುಗಳ ಮೇಲೆ ಇಳಿಸಿದ್ದರಂತೆ... ಸ್ಯಾಂಪಲ್‌ಗೆ.

"ಬಾ ನೀಲಪ್ಪ," ಎಂದ ರಾಚಪ್ಪ. ಆ ಗ್ರಾನೈಟ್ ಫ್ಯಾಕ್ಟರಿಯ ಮಾಲೀಕ. "ನಿನ್ನ ಮುಂದರ ಖರೆ ಹೇಳತಾನೇನು ನೋಡೂಣು."

ನನ್ನ ಕೆಲಸ ಏನು ಗೊತ್ತೇ? ಬಾಗಲಕೋಟೆಯ ನವನಗರದಲ್ಲಿ ಒಂದು ಸಣ್ಣ ಆಫೀಸು. ಇನ್ಶೂರೆನ್ಸ್‌ನವರಿಗಾಗಿ ಅಪಘಾತದ ಗಾಡಿ ಬಿಚ್ಚಿ ನೋಡುತ್ತೇನೆ. ಏನಾಯಿತು, ಯಾಕಾಯಿತು ಎಂದು ಬರೆದುಕೊಡುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ಒಂದೂ ಸುಳ್ಳು ರಿಪೋರ್ಟ್ ಕೊಟ್ಟಿಲ್ಲ. ರಾಚಪ್ಪ ನನ್ನನ್ನು ಕರೆಸಿದ್ದೂ ಅದಕ್ಕೇ.

ಒಂಬತ್ತು ದಿನದ ಹಿಂದೆ ಅವನ ಒಬ್ಬನೇ ಮಗ ನಾಗಲಿಂಗ ಹುನಗುಂದದ ಹೈವೇಯಲ್ಲಿ ಸತ್ತಿದ್ದ. ಜರ್ಮನ್ ಕಾರು. ಮುನ್ನೂರಕ್ಕೂ ಮೀರಿದ ಹಾರ್ಸ್‌ಪವರ್. ನೂರಾ ಎಂಬತ್ತರ ವೇಗದಲ್ಲಿ ಹಿಂದಿನ ಎರಡೂ ಚಕ್ರಗಳು ಗಪ್ಪನೆ ಹಿಡಿದುಕೊಂಡವು. ಕಾರು ಮೂರು ಸಲ ಉರುಳಿತು.

"ಹಿಂದಿನ ಡಿಫರೆನ್ಶಿಯಲ್‌ಗೆ ಕಂಪನಿ ಆಯಿಲ್ ಹಾಕು ಅಂದಿದ್ದೆ," ರಾಚಪ್ಪನ ದನಿ ಏರಲಿಲ್ಲ. "ಈ ಮಗ ಬಜಾರ ಆಯಿಲ್ ಹಾಕ್ಯಾನ. ಕೇಳು!"

"ಹಾಕೀನ್ರಿ," ಎಂದ ಮುಕ್ತಾರ, ಕಲ್ಲಿನ ಕೆಳಗಿನಿಂದ. "ನಾಗಲಿಂಗಣ್ಣಾರು ಗಾಡಿ ಹೊಡಿಯೂ ಸ್ಪೀಡಿಗೆ ಕಂಪನಿ ಆಯಿಲ್ ಕಾದು ನೀರಾಗತಿತ್ತು. ಅದಕ್ಕ ದಪ್ಪನ್ನ ಆಯಿಲ್ ಹಾಕಿದೆ. ಅವರನ್ನ ಕೇಳೇ ಹಾಕೀನಿ."

"ಡಬ್ಬಿ ಎಲ್ಲೈತಿ?" ಎಂದೆ.

ರಾಚಪ್ಪ ಅದನ್ನು ಕಾಲಿನಿಂದ ನನ್ನತ್ತ ಒದ್ದ. ನಾನು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ಹೆಸರು ನೋಡಿ ಆಯಿಲ್ ಆರಿಸುವವನು ದಡ್ಡ. ಗಾಡಿಯ ಕಂಪನಿ ಕೇಳಿದ ಗುಣ ಅದರಲ್ಲಿದೆಯೇ? ಡಿಫರೆನ್ಶಿಯಲ್ ಎಂದರೆ ಹಿಂದಿನ ಅಚ್ಚಿನ ಹಲ್ಲುಗಾಲಿ ಪೆಟ್ಟಿಗೆ; ಅದರೊಳಗಿನ ಕ್ಲಚ್ ಪ್ಲೇಟುಗಳಿಗೆ ಬೇಕಾದ ಮಿಶ್ರಣ ಇದೆಯೇ? ಎರಡೂ ಇದ್ದವು. ದಿನಾ ಆಫೀಸಿಗೆ ಓಡಾಡುವವನಿಗೆ ಕಂಪನಿ ಆಯಿಲ್ ಸಾಕು. ನಾಗಲಿಂಗನಂಥವನಿಗೆ ಇದೇ ಸರಿ.

"ಆಯಿಲ್ ಬರೋಬ್ಬರಿ ಐತಿ, ಸಾವ್ಕಾರ್ರ."

"ಹಂಗಾರ ಗಾಲಿ ಯಾಕ ಹಿಡಕೊಂಡವು?"

"ಗಾಡಿ ನೋಡಿ ಹೇಳತೇನಿ."

"ಸಂಜಿ ಐದರ ತನಕ," ಎಂದ ರಾಚಪ್ಪ. "ಅಷ್ಟರಾಗ ಬೇರೆ ಕಾರಣ ತರ್ಲಿಲ್ಲಂದ್ರ... ಬಂಡೆಪ್ಪ ಸರಪಳಿ ಬಿಡ್ತಾನ!"

ಬಂಡೆಪ್ಪ ಕ್ರೇನ್ ನಡೆಸುವವನು. ತಲೆ ತಗ್ಗಿಸಿ ನಿಂತಿದ್ದ. ಮುಕ್ತಾರನ ತಲೆಯ ಕೆಳಗೆ ಕಾದ ನೆಲ ಸುಡದಂತೆ ಮಡಿಸಿಟ್ಟ ಟವೆಲ್ ಅವನದೇ. ಧಣಿ ಬೆನ್ನು ತಿರುಗಿಸಿದಾಗ ಓಡಿಬಂದು ಎರಡು ಗುಟುಕು ನೀರು ಕುಡಿಸಿದ. ಮತ್ತೆ ಹೋಗಿ ಲಿವರ್ ಹಿಡಿದ.

ಆಗ ಗಂಟೆ ಒಂದು.

ಹುನಗುಂದದ ಹೊರಗೆ ಒಂದು ಗುಜರಿ ಯಾರ್ಡು. ಅಲ್ಲೇ ಕಾರಿನ ಹೆಣ ಬಿದ್ದಿತ್ತು. ನಾನು ಜೀಪು ನಿಲ್ಲಿಸಿದಾಗ ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು!

"ಯಾಂವಲೇ ಅಂವ?"

ಕಾಲುಗಳು ಒಳಗೆ ಹೋದವು. ಆಚೆ ಬದಿಯಿಂದ ಮನುಷ್ಯ ಎದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನ್.

ನಿಂಗರಾಜ! ರಾಚಪ್ಪನ ಮನೆಯ ಡ್ರೈವರ್. ಡಿಫರೆನ್ಶಿಯಲ್‌ನ ನಟ್ಟು ಬಿಚ್ಚಿತ್ತು, ಒಳಗೆ ಹನಿ ಆಯಿಲ್ ಉಳಿದಿರಲಿಲ್ಲ.

ಅವನು ಬೈಕ್ ಹತ್ತಿದ. ನಾನು ಜೀಪು ತಿರುಗಿಸಿದೆ.

ಅಮೀನಗಡ... ಐಹೊಳೆ... ಪಟ್ಟದಕಲ್ಲು. ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ ನಾನು. ಒಂದು ತಿರುವಿನಲ್ಲಿ ಟ್ರ್ಯಾಕ್ಟರಿನ ಟ್ರೇಲರು ನನ್ನ ಕನ್ನಡಿ ಕಿತ್ತುಕೊಂಡು ಹೋಯಿತು. ಬಾದಾಮಿ ದಾಟಿದರೆ ಅವನ ಊರು. ಅಲ್ಲಿ ಹೊಕ್ಕನೆಂದರೆ ಮುಗಿಯಿತು, ಮುಕ್ತಾರ ಸತ್ತಂತೆ!

ಶಿವಯೋಗ ಮಂದಿರದ ಹತ್ತಿರ ರಸ್ತೆ ತುಂಬ ಕುರಿ.

ನಾನಾಗಿದ್ದರೆ ನುಗ್ಗಿಸಿಬಿಡುತ್ತಿದ್ದೆ. ಅವನು ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಕುರಿಗಳ ನಡುವೆಯೇ ಬೆಳೆದವನು. ಮರಿಯೊಂದನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿದ. ಬೈಕು ಅಡ್ಡ ಬಿತ್ತು, ಕ್ಯಾನ್ ಒಡೆಯಿತು.

ನಾನು ಅವನ ಕುತ್ತಿಗೆ ಹಿಡಿದೆ. ಕರ್ಚೀಫನ್ನು ಆಯಿಲ್‌ನಲ್ಲಿ ಅದ್ದಿದೆ.

ಗೇರ್ ಆಯಿಲ್‌ಗೆ ಗಂಧಕದ ನಾತ ಇರುತ್ತದೆ. ಇದಕ್ಕೂ ಇತ್ತು. ಆದರೆ ಅದರ ಒಳಗೆ ಇನ್ನೊಂದು ವಾಸನೆ... ಅಡುಗೆಮನೆಯದು. ಹೆಬ್ಬೆರಳು ತೋರುಬೆರಳು ಅಂಟಿಕೊಂಡವು. ಹಳೆಯ ದೀಪದ ಬಾಯಿಗೆ ಮೆತ್ತಿ, ಚಾಕುವಿನಿಂದ ಕೆರೆದರೂ ಬಿಡದ ಜಿಗುಟು ಗೊತ್ತಲ್ಲ?

ಅದೇ. ಕುಸುಬಿ ಎಣ್ಣೆ!

"ಯಾರು ಹಾಕಿದ್ರಲೇ ಇದನ್ನ? ಬೊಗಳು!"

"ನಾನ ರಿ..."

"ಯಾಕ? ಏನ್ ಮಾಡಿದ್ದ ನಿನಗ ನಾಗಲಿಂಗ?"

"ಯಪ್ಪಾ, ಹಂಗ ಅನಬ್ಯಾಡ್ರಿ!" ಅವನು ನೆಲಕ್ಕೆ ಕುಸಿದ. "ಅವ್ವಾರು ಹಾಕು ಅಂದ್ರು... ಹಾಕಿದೆ."

ಅವ್ವಾರು ಎಂದರೆ ಸಾವಿತ್ರೆವ್ವ. ನಾಗಲಿಂಗನ ತಾಯಿ.

"ಅವರ ತವರಮನ್ಯಾಗ ಅಮಾಸಿಗೆ ದೇವರ ಜಗಲಿ ದೀಪದ ಎಣ್ಣಿ ತಂದು ಬಂಡಿ ಅಚ್ಚಿಗೆ ಹಾಕತಿದ್ರಂತ. ಬಂಡಿ ಉರುಳಬಾರದಂತ. 'ನನ್ನ ಮಗ ಭಾಳ ಜೋರ ಓಡಸ್ತಾನ, ಕಾರಿನ ಅಚ್ಚಿಗೂ ಹಾಕೋ' ಅಂದ್ರು. ಮೂರು ಅಮಾಸಿ ಆತ್ರಿ. ಅರ್ಧ ಆಯಿಲ್ ತಗದು, ಅರ್ಧ ಎಣ್ಣಿ..."

"ನಾಗಲಿಂಗಗ ಗೊತ್ತಿತ್ತೇನು?"

"ಗೊತ್ತಿತ್ರಿ. ನಗತಿದ್ರು. 'ನಮ್ಮವ್ವಗ ಸಮಾಧಾನ ಆಗ್ಲಿ ಹಾಕು, ಮರುದಿನ ಮುಕ್ತಾರ ತಗದು ಬ್ಯಾರೆ ಹಾಕತಾನ' ಅಂತಿದ್ರು. ಎರಡು ಸಲ ಹಂಗ ಆತು. ಈ ಸಲ... ಬದಲಿ ಮಾಡೂ ಮೊದಲ ಗಾಡಿ ತಗೊಂಡು ಹೋದ್ರು."

ಕುಸುಬಿ ಎಣ್ಣೆ ಕಾದರೆ ಅಂಟಾಗುತ್ತದೆ. ಆ ಹಲ್ಲುಗಾಲಿಗಳ ಒತ್ತಡ ಅದು ತಡೆಯುವುದಿಲ್ಲ. ಉಳಿದರ್ಧ ಕಂಪನಿ ಆಯಿಲ್ ಇದ್ದಿದ್ದರೂ ಇದೇ ಗತಿ.

"ಅವ್ವಾರಿಗೆ ಗೊತ್ತಾಗಬಾರದ್ರಿ," ನಿಂಗರಾಜ ನನ್ನ ಕಾಲು ಹಿಡಿದ. "ಬೇಕಾದ್ರ ಆ ಕಲ್ಲಿನ ಕೆಳಗ ನನ್ನ ಹಾಕ್ರಿ!"

ಕುರಿ ಕಾಯುವ ಮುದುಕಿಯೊಬ್ಬಳು ಬಂದಳು. ನಾವು ಯಾರು, ಏನು, ಒಂದೂ ಕೇಳಲಿಲ್ಲ. ತನ್ನ ತಂಬಿಗೆಯ ನೀರಿನಿಂದ ಅವನ ಮೊಣಕಾಲಿನ ರಕ್ತ ತೊಳೆದಳು.

"ನಿಮ್ಮೂರಿಗೆ ಹೋಗು," ಎಂದೆ. "ಇಳಕಲ್ ಕಡೆ ತಲಿ ಹಾಕಬ್ಯಾಡ."

ರಾಚಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ವಿಚ್ ಆಫ್!

ಅಮೀನಗಡದಲ್ಲಿ ಕಬ್ಬಿನ ಲಾರಿಗಳು ಮುಕ್ಕಾಲು ಗಂಟೆ ತಿಂದವು. ನಾನು ಫ್ಯಾಕ್ಟರಿ ಗೇಟು ದಾಟಿದಾಗ ಐದು ಗಂಟೆ ಹನ್ನೆರಡು ನಿಮಿಷ.

ಕಲ್ಲು ಮುಕ್ತಾರನ ಎದೆಯಿಂದ ಒಂದು ಗೇಣು ಮೇಲಿತ್ತು.

"ಲಿವರ್ ಹಿಡಕೊಂಡೈತ್ರಿ," ಬಂಡೆಪ್ಪ ಗೊಣಗುತ್ತಿದ್ದ. ಬೆವರು ಸುರಿಯುತ್ತಿತ್ತು. "ಎಷ್ಟ ಜಗ್ಗಿದ್ರೂ ಬರವಲ್ತು..."

"ಸುಳ್ಳ ಹೇಳತಿ ಏನಲೇ?" ರಾಚಪ್ಪ ಅವನನ್ನು ತಳ್ಳಿ ತಾನೇ ಲಿವರ್ ಹಿಡಿದ.

ನಾನು ಕರ್ಚೀಫನ್ನು ಅವನ ಮೂಗಿಗೆ ಹಿಡಿದೆ.

"ಡಿಫರೆನ್ಶಿಯಲ್‌ದಾಗ ಇದ್ದದ್ದು ಇದು. ನೋಡ್ರಿ."

ಅವನು ಮೂಸಿದ. ಮತ್ತೆ ಮೂಸಿದ. ಬೆರಳಿಗೆ ಹಚ್ಚಿಕೊಂಡು ತಿಕ್ಕಿದ. ಲಿವರ್ ಮೇಲಿನ ಕೈ ಜಾರಿತು.

"ಕುಸುಬಿ..."

"ಹೌದ್ರಿ."

"ಗಾಣದ್ದು. ನಾನ ತರತೇನಿ ಇದನ್ನ. ತಿಂಗಳಾ, ಆಕಿ ದೀಪಕ್ಕ ಅಂತ... ನಾನ ನಿಂತು ಹಿಂಡಿಸಿ ತರತೇನಿ."

ಉಳಿದದ್ದನ್ನು ನಾನು ಹೇಳುವುದು ಬೇಕಿರಲಿಲ್ಲ. ಅವನಿಗೆ ಹೆಂಡತಿಯ ತವರಿನ ಬಂಡಿಯೂ ಗೊತ್ತಿತ್ತು.

"ಆಕಿಗೆ ಗೊತ್ತೈತೇನು?"

"ಇಲ್ಲ. ಮುಕ್ತಾರಗ ಗೊತ್ತೈತಿ. ಮೊದಲಿಂದ ಗೊತ್ತೈತಿ. ಬೆರಳು ಹೋದ್ರೂ ಬಾಯಿ ಬಿಡಲಿಲ್ಲ ನೋಡ್ರಿ ಅಂವ."

ರಾಚಪ್ಪ ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದಿಲ್ಲ.

"ಬಂಡೆಪ್ಪ... ಕಲ್ಲು ಸರಸು."

ಹಿಡಿದುಕೊಂಡಿದ್ದ ಲಿವರ್ ಒಂದೇ ಸಲಕ್ಕೆ ಬಂತು!

ನಾನು ಹಗ್ಗ ಬಿಚ್ಚಿ ಮುಕ್ತಾರನನ್ನು ಎಬ್ಬಿಸಿದೆ. "ಯಾಕ ಹೇಳಲಿಲ್ಲೋ ಹುಚ್ಚ?"

"ಗಾಡಿ ಸರ್ವಿಸಿಗೆ ಬಂದಾಗೆಲ್ಲ ಅವ್ವಾರು ರೊಟ್ಟಿ ಕಟ್ಟಿ ಕಳಸ್ತಿದ್ರು," ಎಂದ. "ನಜಮಾ ಬಾಣಂತ್ಯಾನದಾಗ ಮೂರು ತಿಂಗಳಾ ಕಳಸ್ಯಾರ. ಹ್ಯಾಂಗ ಹೇಳ್ಲಿ?"

ನಜಮಾ ಅವನ ಹೆಂಡತಿ.

ಗದ್ದಲ ಕೇಳಿ ಫ್ಯಾಕ್ಟರಿಯ ಹಿಂದಿನ ಮನೆಯಿಂದ ಸಾವಿತ್ರೆವ್ವ ಬಂದರು. ಕೈಯಲ್ಲಿ ದೀಪದ ಎಣ್ಣೆ ತುಂಬಿದ ಹಿತ್ತಾಳೆಯ ಚರಿಗೆ. ಮುಕ್ತಾರನ ಕೈ ನೋಡಿದವರೇ ಚರಿಗೆ ಕೆಳಗಿಟ್ಟು ಸೆರಗು ಪರ್ರನೆ ಹರಿದರು.

"ಯವ್ವಾ! ಮಷೀನಿಗೆ ಸಿಕ್ಕತೇನಪಾ? ನೋಡಕೊಂಡು ಮಾಡಬಾರದ?"

"ಹೂಂ ಅವ್ವಾರ," ಎಂದ ಮುಕ್ತಾರ. "ನಂದ ತಪ್ಪು."

ಬಂಡೆಪ್ಪ ಅವನನ್ನು ದವಾಖಾನೆಗೆ ಕರೆದೊಯ್ದ. ಸಾವಿತ್ರೆವ್ವ ನನ್ನತ್ತ ತಿರುಗಿದರು.

"ತಮ್ಮಾ, ಗಾಡಿ ನೋಡಾಕ ಹೋಗಿದ್ದೆಂತ. ಏನಾಗಿತ್ತು ಅದಕ್ಕ?"

ರಾಚಪ್ಪ ನನ್ನನ್ನೇ ನೋಡುತ್ತಿದ್ದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾಗಿದ್ದನ್ನು ನಾನು ಮತ್ತೆಂದೂ ನೋಡಿಲ್ಲ.

"ಟೈರ್ ಒಡದಿತ್ರಿ," ಎಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸುಳ್ಳು ರಿಪೋರ್ಟು. "ಯಾರ ತಪ್ಪೂ ಅಲ್ಲ."

"ಈ ಅಮಾಸಿಗೂ ಅಚ್ಚಿಗೆ ದೀಪದ ಎಣ್ಣಿ ಹಾಕಿಸಿದ್ದೆ," ಅವರು ಕಣ್ಣೊರೆಸಿಕೊಂಡರು. "ಸ್ವಲ್ಪ ಕಡಿಮಿ ಆತು ಕಾಣಸ್ತದ. ಇನ್ನಷ್ಟು ಹಾಕಿಸಬೇಕಾಗಿತ್ತು."

ರಾಚಪ್ಪ ಗೋಡೆಯತ್ತ ಮುಖ ತಿರುಗಿಸಿದ.

ಅವರು ಚರಿಗೆ ಎತ್ತಿಕೊಂಡರು. "ನೀನೂ ದಿನಾ ರಸ್ತಿ ಮ್ಯಾಲೆ ಇರಾಂವ. ನಿಮ್ಮವ್ವ ಅದಾಳೇನು?"

"ಇಲ್ರಿ."

"ಮತ್ತ ಯಾರು ಹಾಕಬೇಕು ನಿನ್ನ ಗಾಡಿಗೆ? ತಗಿ ಅದರ ಮುಚ್ಚಳಾ."

ನಾನು ಬಾನೆಟ್ ಎತ್ತಿ ಎಂಜಿನ್ ಆಯಿಲ್‌ನ ಮುಚ್ಚಳ ತಿರುವಿದೆ. ಕೊನೆಯ ಹನಿ ಇಳಿಯುವವರೆಗೂ ಅವರು ಚರಿಗೆ ಬಗ್ಗಿಸಿ ಹಿಡಿದಿದ್ದರು.

ಆ ಸಂಜೆ ಜೀಪನ್ನು ಅಲ್ಲೇ ಬಿಟ್ಟು ಬಾಗಲಕೋಟೆಗೆ ಬಸ್ಸಿನಲ್ಲಿ ಹೋದೆ... ಸೀಟೂ ಸಿಗಲಿಲ್ಲ!